ಹೇಸರಗತ್ತೆಗೆ ಬಿಟ್ಟ ದಾರಿ

ಮದುವೆ, ಸೈಟು, ವರ್ಗಾವಣೆ ಇಂಥದ್ದೇನಾದರೂ ಎದುರಾದರೆ ನಮ್ಮೂರುಗಳಲ್ಲಿ ದೇವರ ಮುಂದೆ ಹೂ ಪ್ರಸಾದ ಕೇಳುತ್ತಾರೆ. ಬಲಕ್ಕೆ ಬಿದ್ದರೆ ಆಯಿತು, ಎಡಕ್ಕೆ ಬಿದ್ದರೆ ಇಲ್ಲ. ಚರ್ಚಿನ ಹಿರಿಯರು ಇದಕ್ಕೆ ತಲೆಯಾಡಿಸಿ ನಗಬಹುದು. ಆದರೆ ಕಣ್ಮುಚ್ಚಿ ಸತ್ಯವೇದ ತೆರೆದು, ಬೆರಳಿಟ್ಟಲ್ಲಿ ಸಿಕ್ಕ ವಚನವೇ ದೇವರ ಚಿತ್ತ ಅನ್ನುವವರು ಅದೇ ಬೆಂಚುಗಳಲ್ಲಿ ಕೂತಿರುತ್ತಾರೆ. ಬೆರಳು ಯಾವುದಾದರೂ ವಂಶಾವಳಿಯ ಮೇಲೆ ಬಿದ್ದರೆ ಏನು ಮಾಡುತ್ತಾರೋ!

ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ. ಮೆಥಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿ 1737ರಲ್ಲಿ ಅಮೆರಿಕದ ಸವಾನಾದಲ್ಲಿ ಪಾದ್ರಿಯಾಗಿದ್ದಾಗ ಸೋಫಿ ಹಾಪ್ಕಿ ಎಂಬ ಹುಡುಗಿಯ ಮೇಲೆ ಮನಸ್ಸಾಯಿತು. ಕೈಹಿಡಿಯಲೋ ಬೇಡವೋ ತಿಳಿಯದೆ ಮೂರು ಚೀಟಿ ಬರೆದು ಪ್ರಾರ್ಥಿಸಿದರು: ಮದುವೆಯಾಗಬೇಕು, ಈ ವರ್ಷ ಬೇಡ, ಆ ಯೋಚನೆಯೇ ಬೇಡ. ಸ್ನೇಹಿತ ಎತ್ತಿದ್ದು ಮೂರನೆಯದು. ಕೆಲವೇ ದಿನಗಳಲ್ಲಿ ಸೋಫಿ ಬೇರೊಬ್ಬನ ಹೆಂಡತಿಯಾದಳು. ಮುಂದೆ ವೆಸ್ಲಿ ಆಕೆಗೆ ಪ್ರಭುಭೋಜನ ನಿರಾಕರಿಸಿದರು, ಮಾತು ಕೋರ್ಟಿಗೆ ಹೋಯಿತು, ವರ್ಷ ಮುಗಿಯುವುದರೊಳಗೆ ಅವರು ಊರು ಬಿಟ್ಟರು. ಚೀಟಿ ಹೇಳಿದ್ದನ್ನು ಕಾಲು ಕೇಳಿತು, ಮನಸ್ಸು ಕೇಳಿದ ಹಾಗೆ ಕಾಣುವುದಿಲ್ಲ.

ನನಗೆ ಹೆಚ್ಚು ಇಷ್ಟವಾದವನು ಲೊಯೋಲಾದ ಇಗ್ನೇಷಿಯಸ್. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದ ಯೇಸುಸಭೆ ಇವನು ಕಟ್ಟಿದ್ದು. 1522ರಲ್ಲಿ ಮೊನ್ಸೆರಾಟ್ ಕಡೆ ಹೇಸರಗತ್ತೆಯ ಮೇಲೆ ಹೋಗುತ್ತಿದ್ದಾಗ ಜೊತೆಯಾದ ಮುಸ್ಲಿಮನೊಬ್ಬ ಮರಿಯಮ್ಮನವರ ಕನ್ಯತ್ವದ ಬಗ್ಗೆ ಏನೋ ವಾದಿಸಿ ಮುಂದೆ ಹೊರಟುಹೋದ. ಹಳೆಯ ಸೈನಿಕನ ರಕ್ತ ಕುದಿಯಿತು. ಬೆನ್ನಟ್ಟಿ ಕಠಾರಿ ಹಾಕಲೇ, ಸುಮ್ಮನಿರಲೇ? ಕವಲುದಾರಿಯಲ್ಲಿ ಲಗಾಮು ಸಡಿಲಬಿಟ್ಟ. ಆ ಮನುಷ್ಯ ಹೋದ ಊರಿನ ದಾರಿ ಅಗಲವಾಗಿ ಚೆನ್ನಾಗಿಯೇ ಇತ್ತು. ಪ್ರಾಣಿ ಮಾತ್ರ ಹೆದ್ದಾರಿ ಹಿಡಿಯಿತು, ಒಂದು ಜೀವ ಉಳಿಯಿತು. ಮುಂದೆ ದೇವರ ಪ್ರೇರಣೆ ಯಾವುದು, ನಮ್ಮ ಹುಚ್ಚು ಯಾವುದು ಎಂದು ಲೋಕಕ್ಕೆ ಪಾಠ ಹೇಳಿದವನ ಆರಂಭ ಇದು!

ಆದರೆ ಆ ಪಾಠ ಅದಕ್ಕೂ ಮೊದಲೇ ಹಾಸಿಗೆಯಲ್ಲಿ ಶುರುವಾಗಿತ್ತು. 1521ರಲ್ಲಿ ಪಾಂಪ್ಲೋನಾದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿದಿತ್ತು. ಕೂಡಿದ ಮೂಳೆ ಮೊಣಕಾಲ ಕೆಳಗೆ ಉಬ್ಬಿ ನಿಂತು ಬಿಗಿ ಬೂಟಿನ ಅಂದ ಕೆಡುತ್ತದೆಂದು ಅದನ್ನು ಗರಗಸದಲ್ಲಿ ಕೊಯ್ಯಿಸಿಕೊಂಡ ಶೋಕಿಲಾಲ ಈತ. ಓದಲು ವೀರರ ಕಾದಂಬರಿ ಕೇಳಿದ. ಮನೆಯಲ್ಲಿದ್ದದ್ದು ಕ್ರಿಸ್ತಚರಿತ್ರೆ ಮತ್ತು ಸಂತರ ಕಥೆಗಳು. ಒಮ್ಮೆ ಯಾರೋ ದೊಡ್ಡಮನೆಯ ಹೆಣ್ಣನ್ನು ಮೆಚ್ಚಿಸುವ ಹಗಲುಗನಸು, ಇನ್ನೊಮ್ಮೆ ಬರಿಗಾಲಲ್ಲಿ ಜೆರುಸಲೇಮಿಗೆ ನಡೆಯುವ ಕನಸು. ಕಾಣುವಾಗ ಎರಡೂ ಸಿಹಿ. ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸಿ ಹೋಗುತ್ತಿತ್ತು, ಎರಡನೆಯದರ ಸಂತೋಷ ಉಳಿಯುತ್ತಿತ್ತು. ಒಂದು ದಿನ ಈ ವ್ಯತ್ಯಾಸ ಅವನಿಗೆ ಹೊಳೆಯಿತು. ಶಿಷ್ಯತ್ವದ ಬಗ್ಗೆ ಕೇಳಿದ ಎಷ್ಟೋ ಪ್ರಸಂಗಗಳಿಗಿಂತ ಈ ಒಂದು ಗಮನಿಕೆಯೇ ನನಗೆ ಹೆಚ್ಚು ಕೆಲಸಕ್ಕೆ ಬಂದಿದೆ.

ಹಾಗಂತ ಸಂತೋಷವನ್ನೂ ಅವನು ಕಣ್ಣುಮುಚ್ಚಿ ನಂಬಲಿಲ್ಲ. ಮಾನ್ರೇಸಾದಲ್ಲಿ ಸರ್ಪದಂಥ ಹೊಳೆಯುವ ರೂಪವೊಂದು ಕಾಣಿಸಿ ಬಹಳ ದಿನ ಮನಸ್ಸಿಗೆ ಹಿತ ಕೊಟ್ಟಿತು. ಅದು ಸೈತಾನನದೆಂದು ಆಮೇಲೆ ತಿಳಿದ. ಮೂವತ್ತು ದಾಟಿದ ಮೇಲೆ ಬಾರ್ಸೆಲೋನಾದಲ್ಲಿ ಲ್ಯಾಟಿನ್ ಕಲಿಯಲು ಕೂತ. ಬಾಯಿಪಾಠಕ್ಕೆ ತೊಡಗಿದರೆ ಸಾಕು, ಆಧ್ಯಾತ್ಮಿಕ ಆನಂದ ಉಕ್ಕಿ ಬರುತ್ತಿತ್ತು. ಪ್ರಾರ್ಥನೆಯಲ್ಲಿ, ಪೂಜೆಯಲ್ಲಿ ಬಾರದ ಬೆಳಕು ವ್ಯಾಕರಣದ ಹೊತ್ತಿಗೇ ಯಾಕೆ ಬರಬೇಕು? ಇದು ದೇವರ ಕೆಲಸವಲ್ಲ ಎಂದು ತೀರ್ಮಾನಿಸಿ, ಮೇಷ್ಟ್ರನ್ನು ಚರ್ಚಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿಕೊಂಡ. ಹೊಟ್ಟೆಗೆ ರೊಟ್ಟಿ ನೀರು ಸಿಗುವವರೆಗೆ ಎರಡು ವರ್ಷ ಒಂದು ಪಾಠವನ್ನೂ ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟ. ಆಮೇಲೆ ಆ ಕಾಟ ಮತ್ತೆ ಬರಲೇ ಇಲ್ಲವಂತೆ.