ಹೊಸ ಕ್ಲಚ್ ಹಾಕಿಸಿದ ಮೇಲೂ ಗಾಡಿ ಎಳೀತಿಲ್ವಾ?

ನಮ್ಮ ಹಳೇ ಓಮ್ನಿಗೆ ಹೋದ ವಾರ ಗ್ಯಾರೇಜಿನಲ್ಲಿ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಮೂರೂ ಬದಲಾಯಿಸಿದ್ರು. ಮೂರನೇ ದಿನ ಟೊಮೆಟೊ ಕ್ರೇಟು ತುಂಬಿಕೊಂಡು ಹೊರಟರೆ ಏರಿನಲ್ಲಿ ಇಂಜಿನ್ ಕೂಗುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ, ಸುಟ್ಟ ವಾಸನೆ ಬೇರೆ. ಮಂಡಿ ಸೇರುವಷ್ಟರಲ್ಲಿ ಹರಾಜು ಮುಗಿದಿತ್ತು, ಸಿಕ್ಕ ರೇಟಿಗೆ ಕೊಟ್ಟು ಬಂದೆ. ಗ್ಯಾರೇಜಿನವರು ಗೇರ್ ಬಾಕ್ಸ್ ಮತ್ತೆ ಇಳಿಸಬೇಕು, ಕೂಲಿ ಬೇರೆ ಆಗುತ್ತೆ ಅಂದ್ರು.

ಇಳಿಸೋಕೆ ಮೊದಲು ಪೆಡಲ್ ನೋಡೋಣ ಅಂದೆ. ಕ್ಲಚ್ ಪೆಡಲನ್ನು ಕೈಯಲ್ಲಿ ಒತ್ತಿದರೆ ಮೊದಲು ಸುಮಾರು 2 ಸೆಂ.ಮೀ. ಸಡಿಲವಾಗಿ ಹೋಗಬೇಕು, ಆಮೇಲೆ ಬಿಗಿ ಸಿಗಬೇಕು. ನಮ್ಮದರಲ್ಲಿ ಆ ಸಡಿಲವೇ ಇಲ್ಲ. ಕೇಬಲ್ ಅಷ್ಟು ಎಳೆದು ಬಿಗಿದಿದ್ರು. ಹಾಗಾದರೆ ಕಾಲಿಡದಿದ್ದರೂ ಕ್ಲಚ್ ಸ್ವಲ್ಪ ಒತ್ತಿದ ಹಾಗೇ ಇರುತ್ತೆ. ಪ್ಲೇಟು ಜಾರುತ್ತೆ, ಸುಡುತ್ತೆ. ಕೇಬಲ್ ತುದಿಯ ನಟ್ಟು ಸಡಿಲಿಸಿದ್ವಿ, 10 ನಿಮಿಷದ ಕೆಲಸ. ಪುಣ್ಯಕ್ಕೆ ಪ್ಲೇಟು ಉಳಿದಿತ್ತು, ಈಗ ಲೋಡಿನಲ್ಲೂ ಏರು ಹತ್ತುತ್ತೆ.

ಉಲ್ಟಾ ತೊಂದರೆನೂ ಇದೆ. ಕೇಬಲ್ ತೀರಾ ಸಡಿಲಾದರೆ ಪೆಡಲ್ ಪೂರ್ತಿ ಒತ್ತಿದರೂ ಗೇರು ಕರಕರ ಅನ್ನುತ್ತೆ, ರಿವರ್ಸ್ ಬೀಳಲ್ಲ. ಕೇಬಲ್ ಸರಿಯಿದ್ದೂ ಜಾರಿದರೆ ಪ್ಲೇಟಿಗೆ ಆಯಿಲ್ ಬಿದ್ದಿರಬಹುದು, ಆಗ ಇಳಿಸಲೇಬೇಕು.

ಗಾಡಿ ಬಿಡಿಸಿಕೊಳ್ಳುವಾಗ ದುಡ್ಡು ಕೊಡೋಕೆ ಮೊದಲು ಅಲ್ಲೇ ಪೆಡಲ್ ಒತ್ತಿ ನೋಡಿ.