‘ಏನಿಲ್ಲ’ ಅಂದಮೇಲೆ ಏನು ಕೇಳೋದು?

ನಟನೆ ಇಟ್ಟುಕೊಂಡು ಸಮಾಜಕಾರ್ಯ ಕಲಿಸಬಹುದಾ? ವೈದ್ಯರು ಈ ದಾರಿ ಹಿಡಿದು ತುಂಬಾ ವರ್ಷ ಆಯ್ತು. 1963ರಲ್ಲಿ ಲಾಸ್ ಏಂಜಲೀಸ್‌ನ ನರರೋಗ ತಜ್ಞ ಹಾವರ್ಡ್ ಬ್ಯಾರೋಸ್, ಆರೋಗ್ಯವಾಗಿದ್ದ ಮಹಿಳೆಯೊಬ್ಬರಿಗೆ ರೋಗಿಯ ಪಾತ್ರ ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸಿದರು. ಮುಂದೆ ಟೊರಾಂಟೊ ವಿಶ್ವವಿದ್ಯಾಲಯದ ಮರಿಯನ್ ಬೋಗೊ ಮತ್ತು ಸಂಗಡಿಗರು ಇಂಥದ್ದೇ ಪರೀಕ್ಷೆಯನ್ನು ಸಮಾಜಕಾರ್ಯಕ್ಕೆ ಹೊಂದಿಸಿದರು. ತರಬೇತಿ ಪಡೆದ ನಟ ಕ್ಲೈಂಟ್ ಆಗಿ ಬರ್ತಾನೆ, ವಿದ್ಯಾರ್ಥಿ ಮಾತಾಡಿಸ್ತಾಳೆ. ಆಮೇಲೆ ಯಾವ ಪ್ರಶ್ನೆ ಕೇಳಿದೆ, ಯಾವುದನ್ನು ಬಿಟ್ಟೆ, ಯಾಕೆ ಅಂತ ಚರ್ಚೆ.

ನನ್ನ ಅತ್ತೆಯ ಮಗಳು ಮಂಗಳೂರಲ್ಲಿ ಎಂ.ಎಸ್.ಡಬ್ಲ್ಯು. ಓದ್ತಿದ್ದಾಳೆ. ರೋಶನಿ ನಿಲಯ 1960ರಲ್ಲೇ ಶುರುವಾದ ಊರು ಅದು; ಸಮಾಜಕಾರ್ಯದ ಪಾಠ ಅಲ್ಲಿ ಹೊಸದಲ್ಲ. ‘ನೀನು ಅಲ್ ಕೂಜ್‌ನಲ್ಲಿ ಇದ್ದೀಯಲ್ಲ, ಅಲ್ಲಿನ ಕಾರ್ಮಿಕನ ಪಾತ್ರ ಮಾಡು, ನಾನು ಮಾತಾಡಿಸ್ತೀನಿ’ ಅಂದಳು.

ಅಲ್ ಕೂಜ್ ಅಂದರೆ ದುಬೈನ ಶೇಖ್ ಜಾಯೆದ್ ರಸ್ತೆಯ ಒಳಬದಿಯ ಗೋದಾಮು, ಗ್ಯಾರೇಜುಗಳ ಪ್ರದೇಶ. ಒಂದು ಕಡೆ ಅಲ್‌ಸರ್ಕಲ್ ಅವೆನ್ಯೂನ ಕಲಾ ಗ್ಯಾಲರಿಗಳು, ಇನ್ನೊಂದು ಕಡೆ ಕಾರ್ಮಿಕರ ವಸತಿಗಳು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಆ ಹೊತ್ತಲ್ಲಿ ನೆರಳಿದ್ದ ಕಡೆ ಕೂತವರು ಊರಿಗೆ ಫೋನ್ ಹಚ್ಚಿರ್ತಾರೆ. ಅಪರೂಪಕ್ಕೆ ಕನ್ನಡ ಕಿವಿಗೆ ಬಿದ್ದರೆ ನಾನು ಕೇಳಿರೋದು ಹೆಚ್ಚಾಗಿ ಇದೇ ಮಾತು: ‘ಏನಿಲ್ಲ, ಆರಾಮಿದ್ದೀನಿ.’

ನಾನು ಡೇಟಾ ಸೈಂಟಿಸ್ಟ್. ಹಾಗಾಗಿ ಮೊದಲು ಅವಳಿಗೆ ಚಾಟ್‌ಬಾಟ್ ಒಂದನ್ನು ಕ್ಲೈಂಟ್ ಮಾಡಿಕೊಟ್ಟೆ. ಅದು ‘ಹೇಗಿದ್ದೀರಿ?’ ಅಂದ ಕೂಡಲೇ ಸಾಲ, ನಿದ್ದೆ, ಸಂಸಾರ ಎಲ್ಲ ಒಪ್ಪಿಸಿಬಿಟ್ಟಿತು. ಹಾಗೆ ಮನಸ್ಸು ಬಿಚ್ಚೋ ಮನುಷ್ಯರು ಎಲ್ಲಿದ್ದಾರೆ? ಆಮೇಲೆ ನಾನೇ ಕೂತೆ. ನಿಯಮ ಒಂದೇ: ಮೊದಲ ಎರಡು ಪ್ರಶ್ನೆಗೆ ‘ಏನಿಲ್ಲ’ ಅನ್ನೋದು.

ಅವಳು ಕಾದಳು. ಅದು ಅವಳಿಗೆ ಬರುತ್ತೆ. ಮೂರನೇ ಸಲ ನಾನು, ‘ನಿದ್ದೆ ಬರಲ್ಲ. ನಾನಿಲ್ಲದಿದ್ರೂ ಮನೇಲಿ ನಡೆಯುತ್ತೆ ಬಿಡಿ’ ಅಂದೆ. ಈಗ ಕೇಳಬೇಕಾದ ಪ್ರಶ್ನೆ ಅವಳಿಗೆ ಇಂಗ್ಲಿಷ್‌ನಲ್ಲಿ ಬಾಯಿಪಾಠ. ಕನ್ನಡದಲ್ಲಿ ನಾಲಿಗೆ ಹೊರಳಲಿಲ್ಲ. ‘ಬೇರೆ ಏನಾದ್ರೂ ಯೋಚನೆ ಬರ್ತಿದೆಯಾ?’ ಅಂದಳು. ‘ಏನಿಲ್ಲ’ ಅಂದೆ. ಅಲ್ಲಿಗೆ ಮಾತು ಮುಗೀತು.

ನಿಲ್ಲಿಸಿ ಮತ್ತೆ ಶುರು ಮಾಡಿದೆವು. ನಾಲ್ಕನೇ ಸಲಕ್ಕೆ ಅವಳ ಬಾಯಿಂದ ಬಂತು: ‘ಸಾಯಬೇಕು ಅಂತ ಅನ್ನಿಸ್ತಿದೆಯಾ?’ ನಮ್ಮಲ್ಲಿ ಅದು ಅಪಶಕುನದ ಮಾತು, ‘ಬಿಡ್ತು ಅನ್ನು’ ಅನ್ನಿಸಿಕೊಳ್ಳೋ ಮಾತು. ಆದರೆ ಹಾಗೆ ನೇರವಾಗಿ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಬರಲ್ಲ ಅಂತಲೇ ಸಂಶೋಧನೆಗಳು ಹೇಳ್ತವೆ. ಕೇಳಿದ್ರೆ ಎದುರಿನವರಿಗೆ ಹೇಳಿಕೊಳ್ಳೋಕೆ ಒಂದು ದಾರಿಯಾದ್ರೂ ಸಿಗುತ್ತೆ.

ಸಿಮ್ಯುಲೇಶನ್‌ಗೆ ಮಿತಿ ಇದೆ. ಕಾಲ್ ಕಟ್ ಮಾಡಿ ನಾನು ಚಹಾ ಕುಡಿದೆ. ನಿಜವಾದ ಕಾರ್ಮಿಕ ತನ್ನ ಸಾಲವನ್ನು ಹಾಗೆ ಕಟ್ ಮಾಡೋಕಾಗಲ್ಲ. ಅವನನ್ನು ಅರ್ಥ ಮಾಡಿಕೊಳ್ಳೋಕೆ ಅವನ ಹತ್ತಿರವೇ ಹೋಗಬೇಕು. ಆದರೆ ತಡವರಿಸೋ ಆ ಮೊದಲ ಮೂರು ಸಲ ಅವನ ಮುಂದೆ ಆಗಬಾರದು, ಅಷ್ಟೇ.

ಹೊರದೇಶದಲ್ಲಿ ಬೆಳೆದ ನಿಮ್ಮಲ್ಲಿ ಹಲವರಿಗೂ ಮನಸ್ಸಿನ ಮಾತೆಲ್ಲ ಇಂಗ್ಲಿಷ್‌ನಲ್ಲೇ ಇರಬಹುದು. ಅಜ್ಜಿ ಫೋನಲ್ಲಿ ‘ಏನಿಲ್ಲ ಮಗಾ’ ಅಂದಾಗ ಮುಂದಿನ ಪ್ರಶ್ನೆ ಕನ್ನಡದಲ್ಲಿ ಬೇಕಾಗುತ್ತೆ. ಯಾರೂ ಇಲ್ಲದಾಗ ಒಂದೆರಡು ಸಲ ಗಟ್ಟಿಯಾಗಿ ಹೇಳಿ ನೋಡಿ.