ಮೆಡಿಕಲ್ ಶಾಪಿಗೆ ಭೌತಶಾಸ್ತ್ರ ಏಕೆ?

ನ್ಯಾಮತಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆ ಮಾಡುವಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಮಿಸ್, ಮೆಡಿಕಲ್ ಶಾಪ್ ಇಡೋಕೆ ಕಾಮರ್ಸ್ ಸಾಕಲ್ವಾ? ಫಿಸಿಕ್ಸ್ ಯಾಕೆ?" ಚನ್ನಗಿರಿ, ಹೊನ್ನಾಳಿ, ಜಗಳೂರಿನ ಶಾಲೆಗಳಿಗೆ ಹೋದ ಸಹಪಾಠಿಗಳಿಗೂ ಇಂಥದೇ ಪ್ರಶ್ನೆ ಎದುರಾಗಿತ್ತು.

1948ರ ಫಾರ್ಮಸಿ ಕಾಯ್ದೆಯಂತೆ ವೈದ್ಯರ ಚೀಟಿಗೆ ಔಷಧಿ ಕೊಡುವವರು ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕು. ಅದಕ್ಕೆ ಡಿ.ಫಾರ್ಮಾ ಅಥವಾ ಬಿ.ಫಾರ್ಮಾ ಓದಬೇಕು. ಎರಡಕ್ಕೂ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಕಡ್ಡಾಯ. ಆಯ್ಕೆಯಿರುವುದು ಜೀವಶಾಸ್ತ್ರ, ಗಣಿತದ ನಡುವೆ ಮಾತ್ರ. ಭೌತಶಾಸ್ತ್ರಕ್ಕೆ ಹೆದರಿ ಕಾಮರ್ಸ್ ಸೇರಿದರೆ ಆ ದಾರಿ ಅಲ್ಲಿಗೇ ಮುಚ್ಚುತ್ತದೆ.

ಮರುದಿನ ಒತ್ತಡದ ಪಾಠಕ್ಕೆ ಮಾತ್ರೆಯೊಂದನ್ನು ಒಯ್ದೆ. ಪುಡಿಯನ್ನು ಅಚ್ಚಿನಲ್ಲಿ ಒತ್ತಿದರೆ ಮಾತ್ರೆ. ಒತ್ತಡ ಸಾಲದಿದ್ದರೆ ಉದುರುತ್ತದೆ, ಅತಿಯಾದರೆ ಹೊಟ್ಟೆಯಲ್ಲಿ ಬೇಗ ಕರಗದು. ಬಲವನ್ನು ವಿಸ್ತೀರ್ಣದಿಂದ ಭಾಗಿಸಬೇಕೆಂದು ಅವಳೇ ಬೋರ್ಡಿನ ಮೇಲೆ ಬರೆದಳು.

ನಮ್ಮ ಪಾಠಯೋಜನೆಯಲ್ಲಿ 'ಇದು ಮುಂದೆ ಯಾವ ಓದಿಗೆ ಬೇಕು' ಎಂಬ ಒಂದು ಸಾಲಿರಲಿ. ಪಿಯುಸಿ ಸೇರಿದ ಮೇಲೆ ಹೇಳಿದರೆ ತಡವಾಗುತ್ತದೆ.